ಅರವತ್ತೆಂಟರ ಮುಳ್ಳು

ಮಿರಜ
12 ಜೂನ್ 2024

ಅಕ್ಕಾ,

ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಸಿಕ್ಕಿದೆ. ಅಂಕಿತಾ ಚಹಾ ತರಲು ಕೆಳಗೆ ಹೋಗಿದ್ದಾಳೆ. ನನ್ನ ಮಗಳು ಬಂದು ಮೂರು ದಿನಕ್ಕೇ ನರ್ಸುಗಳ ಹತ್ತಿರ ಮರಾಠಿಯಲ್ಲಿ ಜಗಳ ತೆಗೆಯುವಷ್ಟು ಕಲಿತಿದ್ದಾಳೆ. ಗಂಟಲು ನೋಡಿದ ಡಾಕ್ಟರು ಮಾತು ಪೂರ್ತಿ ಬಂದ್ ಮಾಡು ಎಂದಿದ್ದಾರೆ. ಫೋನಿನಲ್ಲಿ ನಾನು ಬರೀ ಉಸಿರು ಬಿಟ್ಟರೆ ನೀನು ಹೆದರುತ್ತೀ. ಅದಕ್ಕೇ ಈ ಪತ್ರ. ಅಂಗನವಾಡಿಯಲ್ಲಿ ಮೂವತ್ತು ವರ್ಷ ರಜಿಸ್ಟರ್ ಬರೆದವಳು ನೀನು, ಉತ್ತರ ಬರೆಯಲು ಬೇಸರ ಮಾಡಬೇಡ.

ಗದಗ ಸ್ಟೇಷನ್ನಿನಲ್ಲಿ ಪೆಟ್ಟಿಗೆ ಕೈಗೆ ಕೊಟ್ಟಾಗ ನೀನು ಅದನ್ನು ಸತ್ತ ಇಲಿ ಹಿಡಿದ ಹಾಗೆ ಹಿಡಿದುಕೊಂಡೆ. ರೈಲು ಬಿಟ್ಟ ಮೇಲೂ ನನಗೆ ನಗು. ಅದರಲ್ಲಿರುವುದು ಸಿಗಾರು, ಬೀಡಿಯಲ್ಲ. ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಪರೀಕ್ಷೆ ಮಾಡುತ್ತಿದ್ದಾಗ, ಮುಂಬೈ ಶೇಠರಿಗೆ ಹೊರಟಿದ್ದ ಒಂದು ಲಾರಿ ಮಾಲಿಗೆ ನೀರು ಹೊಡೆದು ತೂಕ ಏರಿಸಿದ್ದಾರೆಂದು ಬರೀ ಕೈಯಿಂದ ಹಿಚುಕಿ ಹೇಳಿದ್ದೆ. ಆ ಖುಷಿಗೆ ಶೇಠರು ಕೊಟ್ಟದ್ದು ಈ ಪೆಟ್ಟಿಗೆ. ಇಪ್ಪತ್ತೈದಿದ್ದವು. ವರ್ಷಕ್ಕೆ ಒಂದೇ ಒಂದು, ಹತ್ತಿ ಹಂಗಾಮು ಮುಗಿದ ದಿನ, ಬೆಟಗೇರಿ ಮನೆಯ ಮಾಳಿಗೆಯ ಮೇಲೆ ಕೂತು ಸೇದುತ್ತಿದ್ದೆ. ಹನ್ನೊಂದು ಉಳಿದಿವೆ.

ಸಿಗಾರಿಗೆ ಗಾಳಿಯಲ್ಲಿ ತೇವ ಇರಬೇಕು. ಒಣಗಿದರೆ ಒಡೆಯುತ್ತದೆ, ಹಸಿ ಹೆಚ್ಚಾದರೆ ಕೊಳೆಯುತ್ತದೆ. ಮುಚ್ಚಳದ ಒಳಗೆ ಗಡಿಯಾರದಂಥದೊಂದು ಮೀಟರಿದೆ, ಅದರ ಮುಳ್ಳು ಅರವತ್ತೆಂಟರ ಮೇಲೇ ನಿಂತಿರಬೇಕು. ಮೂಲೆಯ ತೂತಿನ ಡಬ್ಬಿಯಲ್ಲಿ ಸ್ಪಂಜಿದೆ. ಪ್ರತಿ ಮಂಗಳವಾರ ಅದಕ್ಕೆ ಒಂದು ಚಮಚ ನೀರು ಹಾಕು. ನಿಮ್ಮೂರ ಬೋರಿನ ಉಪ್ಪುನೀರು ಬೇಡ, ಬ್ಯಾಟರಿಗೆ ಹಾಕುವ ನೀರು ತರಿಸು. ದಿನಾ ಮುಂಜಾನೆ ಮುಳ್ಳು ನೋಡಿ ನನಗೆ ಬರೆ.

ಬಂದ ಮೇಲೆ ನಾನು ಸೇದುವುದಿಲ್ಲ, ಆಣೆ. ಮುಚ್ಚಳ ತೆಗೆದು ಒಮ್ಮೆ ಆ ವಾಸನೆ ಎಳೆದುಕೊಳ್ಳಬೇಕು. ಅಷ್ಟೇ ಆಸೆ.

ನಿನ್ನ
ಹೇಮಪ್ಪ


ಹಿರೇವಡ್ಡಟ್ಟಿ
21 ಜೂನ್ 2024

ಹೇಮಪ್ಪಾ,

ಪತ್ರ ಓದಿ ಮೊದಲು ಬೈದೆ, ಆಮೇಲೆ ಇನ್ನೊಮ್ಮೆ ಓದಿದೆ. ಗಂಟಲು ತೋರಿಸಲು ಹೋದವನು ಎರಡು ಸಾಲು ಗಂಟಲಿನ ಬಗ್ಗೆ, ಎರಡು ಪುಟ ಚುಟ್ಟಾದ ಬಗ್ಗೆ ಬರೆದಿದ್ದೀ. ಆ ಪೆಟ್ಟಿಗೆಯ ಮೇಲೆ ನನಗೇನೂ ಸಿಟ್ಟಿಲ್ಲ. ನಿನ್ನನ್ನು ತಿಂದದ್ದು ದಿನಕ್ಕೆರಡು ಕಟ್ಟು ಬೀಡಿ. ನಾನು ಬೀಡಿ ಕಟ್ಟು ಹಿತ್ತಲಿಗೆ ಎಸೆದರೆ ಮಮತಾ ಪಾಪ ಆರಿಸಿ ತಂದು ನಿನಗೇ ಕೊಡುತ್ತಿದ್ದಳು. ಅವಳು ಬದುಕಿದ್ದಿದ್ದರೆ ಈಗ ನಿನ್ನ ಜೊತೆ ಅವಳಿರುತ್ತಿದ್ದಳು, ಅವಳ ಮಗಳು ಒಬ್ಬಳೇ ಒದ್ದಾಡುತ್ತಿರಲಿಲ್ಲ.

ಪೆಟ್ಟಿಗೆಯನ್ನು ಮೊದಲು ದೇವರ ಜಗಲಿಯ ಪಕ್ಕದಲ್ಲಿಟ್ಟೆ. ತಂಪು ಜಾಗ ಅದೊಂದೇ. ಆಮೇಲೆ ಮನಸ್ಸು ತಡೆಯದೆ ಕಾಳಿನ ಕೋಣೆಗೆ ಸಾಗಿಸಿದೆ. ನೀರಿಗಾಗಿ ಮುಂಡರಗಿಯಲ್ಲಿ ವಸೀಮನ ಬ್ಯಾಟರಿ ಅಂಗಡಿಗೆ ನಾನೇ ಹೋಗಿದ್ದೆ. "ಅಕ್ಕಾರ, ನಿಮ್ಮ ಮನ್ಯಾಗ ಗಾಡಿನ ಇಲ್ಲ, ಬ್ಯಾಟರಿ ನೀರು ಯಾತಕ್ಕರಿ?" ಎಂದು ಕೇಳಿದ. ಚುಟ್ಟಾಕ್ಕೆ ಎಂದೆ. ಅವನು ಗಿರಾಕಿ ಬಿಟ್ಟು ಎದ್ದು ಬಂದು ಪೂರ್ತಿ ಕತೆ ಕೇಳಿದ. ನಮಗೆ ಕುಡಿಯಲು ಹೊಳೆಯ ನೀರು ನಲ್ಲಿಗೆ ಬರುವುದೇ ವಾರಕ್ಕೊಮ್ಮೆ, ನಿನ್ನ ಹನ್ನೊಂದು ಮಕ್ಕಳಿಗೆ ಮಾತ್ರ ಬಾಟಲಿಯ ನೀರು.

ಮುಳ್ಳು ಅರವತ್ತೆಂಟು. ನಿನ್ನೆಯೂ ಅರವತ್ತೆಂಟು, ಮೊನ್ನೆಯೂ ಅಷ್ಟೇ. ಹಳೆಯ ರಜಿಸ್ಟರೊಂದು ಉಳಿದಿತ್ತು, ಅದರಲ್ಲಿ ತಾರೀಖು ಹಾಕಿ ಬರೆದಿಡುತ್ತಿದ್ದೇನೆ.

ನಮ್ಮ ಮನೆಯವರು, ನಿಮ್ಮ ಮಾವ, ಇದ್ದ ಹಾಗೇ ಇದ್ದಾರೆ. ಲಕ್ವಾ ಹೊಡೆದು ಎರಡು ವರ್ಷವಾಯಿತು, "ಹೂಂ" ಒಂದು ಬಿಟ್ಟು ಬೇರೆ ಮಾತು ಮರಳಿ ಬರಲಿಲ್ಲ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ನಾನು ಮುಂಡರಗಿಗೆ ಹೋದಾಗ ಪಕ್ಕದ ಮನೆಯ ಕರೆವ್ವ ಕೂತಿದ್ದಳು. ಅವಳಿಗೂ ಮೊಣಕಾಲು ನೋವು. ಇಲ್ಲವಾದರೆ, ಮುಂದಿನ ವಾರ ನಿನ್ನ ಆಪರೇಷನ್ ಎಂದು ಅಂಕಿತಾ ಫೋನಿನಲ್ಲಿ ಹೇಳಿದಳಲ್ಲ, ಆ ದಿನ ನಾನು ಅಲ್ಲಿರುತ್ತಿದ್ದೆ.

ಉಡಚವ್ವ


ಮಿರಜ
4 ಜುಲೈ 2024

ಅಕ್ಕಾ,

ಶುಕ್ರವಾರ ಆಪರೇಷನ್ ಆಯಿತು. ಸಣ್ಣದು. ಮಲಗಿ ಬರೆಯುತ್ತಿರುವುದರಿಂದ ಅಕ್ಷರ ಸೊಟ್ಟಾಗಿದೆ, ತಪ್ಪು ತಿಳಿಯಬೇಡ. ಮಾತು ಸದ್ಯಕ್ಕೆ ಬೇಡ ಎಂದಿದ್ದಾರೆ. ಕುತ್ತಿಗೆಗೆ ಪಟ್ಟಿ ಕಟ್ಟಿದ್ದಾರೆ. ನೀನು ಬರುವ ವಿಚಾರ ಮಾಡಬೇಡ, ಮಾವನವರನ್ನು ಬಿಟ್ಟು ಬಂದರೆ ನನಗೇ ಸಂಕಟ. ಅಂಕಿತಾ ದಿನಾ ನಿನಗೆ ಫೋನ್ ಮಾಡುತ್ತಾಳೆ.

ಮುಳ್ಳು ಅಲುಗಾಡದೆ ನಿಂತಿದೆ ಎಂದು ಓದಿ ಸಮಾಧಾನವಾಯಿತು. ನನ್ನ ಕೈಯಲ್ಲೂ ಅಷ್ಟು ಚಲೋ ನಿಂತಿರಲಿಲ್ಲ.

ಒಂದು ಕೆಲಸ ಮಾಡು. ಮುಚ್ಚಳ ತೆಗೆದ ಕೂಡಲೇ ಏನು ವಾಸನೆ ಬರುತ್ತದೆಂದು ಬರೆದು ಕಳಿಸು. ಸುಮ್ಮನೆ "ಚಲೋ ಐತಿ" ಎಂದು ಮುಗಿಸಬೇಡ. ಇಲ್ಲಿ ಎಲ್ಲಿ ನೋಡಿದರೂ ಫಿನೈಲ್ ವಾಸನೆ, ಬೇಜಾರಾಗಿದೆ.

ಹೇಮಪ್ಪ


ಹಿರೇವಡ್ಡಟ್ಟಿ
16 ಜುಲೈ 2024

ಹೇಮಪ್ಪಾ,

ಅಂಕಿತಾ ಫೋನ್ ಮಾಡುತ್ತಾಳೆ. "ಆರಾಮ ಅದಾರ ಅತ್ತಿ, ಊಟ ಮಾಡ್ಯಾರ" ಎನ್ನುತ್ತಾಳೆ. ಏನು ಊಟ ಎಂದರೆ "ಗಂಜಿ" ಎನ್ನುತ್ತಾಳೆ. ಪಟ್ಟಿ ಬಿಚ್ಚಿದರೋ ಎಂದು ಕೇಳುವಷ್ಟರಲ್ಲಿ ಯಾರೋ ಕರೆದರೆಂದು ಇಟ್ಟುಬಿಡುತ್ತಾಳೆ. ನಿನ್ನಷ್ಟು ಮಾತು ಅವಳಿಗೆ ಬಂದಿಲ್ಲ.

ವಾಸನೆ ಕೇಳಿದ್ದೀ. ಮೂಸಿ ಬರೆಯುವ ಕೆಲಸ ನನಗೆ ಯಾರೂ ಕೊಟ್ಟಿರಲಿಲ್ಲ. ಕರೆವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ನನಗೆ ನಾಚಿಕೆ. ಮೊದಲು ಹೊಸ ಪೆನ್ಸಿಲ್ ಕೆತ್ತಿದ ವಾಸನೆ ಬರುತ್ತದೆ, ಅದು ಪೆಟ್ಟಿಗೆಯ ಕಟ್ಟಿಗೆಯದು ಇರಬೇಕು. ಅದರ ಹಿಂದಿನಿಂದ ಬೆಲ್ಲದ ಗಡಿಗೆಯ ತಳದ ವಾಸನೆ. ಇನ್ನೂ ಸ್ವಲ್ಪ ಹೊತ್ತು ಮೂಗು ಅಲ್ಲೇ ಇಟ್ಟರೆ ಅಪ್ಪನ ಕರಿ ಕೋಟಿನ ಒಳಗಿಸೆ. ಆ ಕೋಟಿನ ಕಿಸೆಯಲ್ಲಿ ನಾವಿಬ್ಬರೂ ಪೆಪ್ಪರಮಿಂಟ್ ಹುಡುಕುತ್ತಿದ್ದೆವು, ನೆನಪಿದೆಯೇ? ಇದನ್ನು ಬರೆಯುತ್ತ ನನಗೇ ಅಳು ಬಂತು, ನೋಡು ನಿನ್ನ ಚುಟ್ಟಾ ಮಾಡಿದ ಕೆಲಸ.

ಮುಳ್ಳು ಅರವತ್ತೆಂಟೇ. ನಿನ್ನ ಆಪರೇಷನ್ ಆದಾಗಿನಿಂದ ಮಂಗಳವಾರದ ಜೊತೆ ಶುಕ್ರವಾರವೂ ಒಂದು ಚಮಚ ಹಾಕುತ್ತಿದ್ದೇನೆ, ಮನಸ್ಸಿಗೆ ಹಾಗೆ ಬಂತು. ಒಂದು ಮಾತು ಕೇಳುತ್ತೇನೆ. ಎರಡು ಚುಟ್ಟಾದ ಮೇಲೆ ಬಿಳಿ ಹುಡಿ ಬಂದಿದೆ, ವಿಭೂತಿ ಸವರಿದ ಹಾಗೆ. ಅದು ಇರುವಂಥದೇ ತಾನೇ?

ಉಡಚವ್ವ


ಮಿರಜ
30 ಜುಲೈ 2024

ಅಕ್ಕಾ,

ಬಿಳಿ ಹುಡಿಗೆ ಹೆದರಬೇಡ. ಎಲೆಯೊಳಗಿನ ಎಣ್ಣೆ ಮೇಲೆ ಬಂದು ಹಾಗೆ ಹುಡಿಯಾಗುತ್ತದೆ. ಒಳ್ಳೆಯ ಲಕ್ಷಣ. ಸಿಗಾರು ಹಣ್ಣಾಗುತ್ತಿದೆ ಎಂದು ತಿಳಿ. ಹೇಗೆ ನಡೆಸುತ್ತಿದ್ದೀಯೋ ಹಾಗೇ ನಡೆಸು.

ನನ್ನದೂ ಹಾಗೇ. ಕುತ್ತಿಗೆಯ ಎಡಕ್ಕೆ ಒಂದು ಗಂಟು ಕಾಣಿಸಿಕೊಂಡಿದೆ. ಹೊಲಿಗೆ ಮಾಗುವಾಗ ಬರುತ್ತದಂತೆ, ಕರಗುತ್ತದಂತೆ.

ಆ ಪೆನ್ಸಿಲ್, ಬೆಲ್ಲ, ಅಪ್ಪನ ಕೋಟು ಇರುವ ಪತ್ರವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ದಿನಕ್ಕೆರಡು ಸಲ ಓದುತ್ತೇನೆ. ಇನ್ನೊಮ್ಮೆ ಬರೆ. ಮಳೆಗಾಲದಲ್ಲಿ ಬದಲಾಗಿರುತ್ತದೆ.

ಹೇಮಪ್ಪ


ಹಿರೇವಡ್ಡಟ್ಟಿ
27 ಆಗಸ್ಟ್ 2024

ಹೇಮಪ್ಪಾ,

ಶ್ರಾವಣ ಮುಗಿಯುತ್ತ ಬಂತು, ನಿನ್ನ ಪತ್ರವಿಲ್ಲ. ನಾನು ಬರೆದ ಎರಡು ಪತ್ರ ಮುಟ್ಟಿದವೋ ಇಲ್ಲವೋ. ನಾಗರಪಂಚಮಿಗೆ ಅಣ್ಣತಮ್ಮಂದಿರ ಮನೆಗೆ ಹೋಗುವವರನ್ನು ನೋಡುತ್ತ ಬಾಗಿಲಲ್ಲಿ ಕೂತಿದ್ದೆ. ನಾಲ್ಕು ತಂಬಿಟ್ಟಿನ ಉಂಡೆ ಮಾಡಿದ್ದೆ. ಯಾರಿಗೆ ಕಳಿಸಲಿ? ಅಂಕಿತಾಳಿಗೆ ಕೇಳಿದರೆ ಅದೇ ಮಾತು, "ಆರಾಮ ಅದಾರ ಅತ್ತಿ." ಅವಳ ದನಿ ಒಂದು ದಿನ ಮೂಗು ಕಟ್ಟಿದ ಹಾಗಿತ್ತು. ನೆಗಡಿ ಎಂದಳು.

ವಾಸನೆ ಮೊದಲಿನ ಹಾಗೇ ಇದೆ. ಪೆನ್ಸಿಲ್, ಬೆಲ್ಲ. ಮುಳ್ಳು ಅರವತ್ತೆಂಟು.

ನಿನ್ನ ಪತ್ರ ಬರದಾಗಿನಿಂದ ದಿನಾ ಮುಂಜಾನೆ ಜಳಕ ಮಾಡಿ ಒಂದು ಚಮಚ ನೀರು ಹಾಕುತ್ತಿದ್ದೇನೆ. ಮತ್ತೇನು ಮಾಡಬೇಕೋ ನನಗೆ ಗೊತ್ತಾಗುವುದಿಲ್ಲ. ಎರಡು ಸಾಲು ಬರೆ.

ಉಡಚವ್ವ


ಮಿರಜ
11 ಸೆಪ್ಟೆಂಬರ್ 2024

ಅಕ್ಕಾ,

ಕುತ್ತಿಗೆಗೆ ರೇಡಿಯೇಷನ್ ಕರೆಂಟ್ ಕೊಡುತ್ತಿದ್ದಾರೆ, ಅದರಿಂದ ಸುಸ್ತು. ಬರೆಯಲು ಆಗಲಿಲ್ಲ. ಪತ್ರಗಳು ಮುಟ್ಟಿವೆ. ಆರಾಮಾಗಿದ್ದೇನೆ. ದಸರೆಗೆ ಊರಲ್ಲಿರುತ್ತೇನೆ. ಪೆಟ್ಟಿಗೆ ಜೋಪಾನ.

ಹೇಮಪ್ಪ


ಹಿರೇವಡ್ಡಟ್ಟಿ
20 ಸೆಪ್ಟೆಂಬರ್ 2024

ಹೇಮಪ್ಪಾ,

ಈ ಪತ್ರದಲ್ಲಿ ಮುಳ್ಳು ಎಷ್ಟಿದೆ ಎಂದು ಬರೆಯುವುದಿಲ್ಲ.

ಮಂಗಳವಾರ ವಸೀಮ ಈ ಕಡೆ ಯಾರದೋ ಟ್ರ್ಯಾಕ್ಟರ್ ಬ್ಯಾಟರಿ ಬದಲಿಸಲು ಬಂದಿದ್ದ. ನೀರಿನ ಬಾಟಲಿ ಕೊಡಲು ಮನೆಗೆ ಬಂದವನಿಗೆ ಪೆಟ್ಟಿಗೆಯ ಮುಳ್ಳು ತೋರಿಸಿದೆ. ಹೆಮ್ಮೆಯಿಂದಲೇ ತೋರಿಸಿದೆ, ರಜಿಸ್ಟರನ್ನೂ ತೋರಿಸಿದೆ. ಅವನು ಒಂದೊಂದೇ ಪುಟ ತಿರುವಿದ. "ಅಕ್ಕಾರ, ಕರೆಂಟ್ ಮೀಟರ್ ಹಿಂಗ ಒಂದ ಕಡೆ ನಿಂತ್ರ ನಾವು ಅದು ಕೆಟ್ಟೈತಿ ಅಂತೀವ್ರಿ" ಎಂದ. ನನಗೆ ಅವನ ಮೇಲೆ ಸಿಟ್ಟು ಬಂತು. ಮೊಬೈಲಿನಲ್ಲಿ ಏನೋ ನೋಡಿ, ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ ಸ್ವಲ್ಪ ನೀರಿನಿಂದ ನೆನೆಸಿ, ಅದನ್ನೂ ಮೀಟರನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿದ. ನಾಳೆ ಇದೇ ಹೊತ್ತಿಗೆ ಎಪ್ಪತ್ತೈದು ತೋರಿಸಬೇಕು, ತೋರಿಸದಿದ್ದರೆ ಮುಳ್ಳು ಸತ್ತಿದೆ ಎಂದು ಹೇಳಿಹೋದ.

ಮರುದಿನ ನೋಡಿದೆ, ಅರವತ್ತೆಂಟು. ಮಾಳಿಗೆಯ ಮೇಲೆ ಉರಿಬಿಸಿಲಿನಲ್ಲಿಟ್ಟೆ, ಅರವತ್ತೆಂಟು. ಕುದಿಯುವ ನೀರಿನ ಪಾತ್ರೆಯ ಮೇಲೆ ಹಿಡಿದೆ, ಕೈ ಸುಟ್ಟಿತು. ಅದು ಅರವತ್ತೆಂಟೇ.

ನಾನು ಸುಳ್ಳು ಬರೆದಿದ್ದೇನೆ. ಜುಲೈನಲ್ಲಿ ಎರಡಕ್ಕಿದ್ದ ಬಿಳಿ ಹುಡಿ ಈಗ ಹನ್ನೊಂದಕ್ಕೂ ಇದೆ, ಬಿಳಿಯಿದ್ದದ್ದು ಹಸಿರಾಗಿದೆ. ಮುಟ್ಟಿದರೆ ಕೂದಲು ಕೂದಲು. ಪೆನ್ಸಿಲ್ ಮತ್ತು ಬೆಲ್ಲ ಹೋಗಿ ಒಂದು ತಿಂಗಳ ಮೇಲಾಯಿತು. ಈಗ ಮಳೆಯಲ್ಲಿ ನೆಂದ ಕೌದಿಯನ್ನು ಮಡಿಚಿಟ್ಟು ಮರೆತ ವಾಸನೆ. ಮಳೆಗಾಲದ ಗಾಳಿಯೇ ಹಸಿ ಇರುವಾಗ ನಾನು ದಿನಾ ನೀರು ಹಾಕಿದೆ. ಮುಳ್ಳು ಸರಿಯಿದೆ ಎಂದು ಹಾಕಿದೆ. ನಿನ್ನ ಸುದ್ದಿ ಇಲ್ಲ ಎಂದು ಹಾಕಿದೆ. ನಿನ್ನ ಚುಟ್ಟಾಗಳನ್ನು ನಾನೇ ಕೊಳೆಸಿದೆ.

ನಿನಗೆ ಯಾವತ್ತೂ ಹೇಳದ ಒಂದು ಸಂಗತಿ ಇದೆ. ನಾನು ಮೊದಲು ಕೆಲಸಕ್ಕೆ ಸೇರಿದ ಊರಿನಲ್ಲಿ ಮಕ್ಕಳ ತೂಕದ ಕಾಟಾ ಕೆಟ್ಟಿತ್ತು. ಯಾವ ಕೂಸನ್ನು ತೂಗುಹಾಕಿದರೂ ಮುಳ್ಳು ಒಂದೇ ಕಡೆ. ಎರಡು ಸಲ ಮೇಲಿನವರಿಗೆ ಬರೆದು ಸುಮ್ಮನಾದೆ. ರಜಿಸ್ಟರ್ ಖಾಲಿ ಬಿಡುವಂತಿರಲಿಲ್ಲ, ಅದಕ್ಕೆ ಹೋದ ತಿಂಗಳಿಗಿಂತ ನೂರು ಗ್ರಾಂ ಹೆಚ್ಚು ಎಂದು ಎಲ್ಲರಿಗೂ ಬರೆದೆ. ಸೀಮಾ ಎಂಬ ಕೂಸಿತ್ತು. ನನ್ನ ರಜಿಸ್ಟರಿನಲ್ಲಿ ಅದು ತಿಂಗಳಿಂದ ತಿಂಗಳಿಗೆ ಮೈ ಹಿಡಿಯುತ್ತಿತ್ತು, ಅವರವ್ವನ ತೊಡೆಯ ಮೇಲೆ ಕರಗುತ್ತಿತ್ತು. ದಿನಾ ಎತ್ತಿಕೊಳ್ಳುತ್ತಿದ್ದೆ, ಹಗುರಾಗಿದ್ದು ನನ್ನ ಕೈಗೆ ಗೊತ್ತಾಗುತ್ತಿತ್ತು. ಅದು ಹೋದ ದಿನವೂ ರಜಿಸ್ಟರಿನಲ್ಲಿ ಒಂಬತ್ತು ಕಿಲೋ ಇತ್ತು.

ಅದಕ್ಕೇ ಮೊನ್ನೆ ಆ ಮೀಟರ್ ಹಿಡಿದು ಮಾಳಿಗೆಯ ಮೇಲೆ ಕೂತಾಗ ನನಗೆ ಅಂಕಿತಾಳ ದನಿ ಕೇಳಿದ ಹಾಗಾಯಿತು. ಮೂರು ತಿಂಗಳಿಂದ "ಆರಾಮ ಅದಾರ ಅತ್ತಿ." ಜೂನಿನಲ್ಲಿ ಅದೇ, ಆಪರೇಷನ್ ದಿನ ಅದೇ, ನೀನು ತಿಂಗಳುಗಟ್ಟಲೆ ಪೆನ್ನು ಹಿಡಿಯದಿದ್ದಾಗಲೂ ಅದೇ. ಆ ಹುಡುಗಿಗೆ ಹಾಗೆ ಹೇಳೆಂದು ಕಲಿಸಿದವನು ನೀನು.

ಹೇಮಪ್ಪಾ, ನಾನು ಬರಲಾರೆ, ನಿನ್ನನ್ನು ಮುಟ್ಟಿ ನೋಡಲಾರೆ. ಪತ್ರವೊಂದೇ ನನಗೆ ಕೈ. ಇದ್ದದ್ದನ್ನು ಇದ್ದ ಹಾಗೆ ಬರೆ.

ಉಡಚವ್ವ


ಮಿರಜ
25 ಸೆಪ್ಟೆಂಬರ್ 2024

ಅಕ್ಕಾ,

ನಿನ್ನ ಪತ್ರವನ್ನು ಅಂಕಿತಾಳ ಕೈಗೂ ಕೊಟ್ಟೆ. ಓದಿ ಅತ್ತಳು, ಆಮೇಲೆ ಅವಳೇ ಹಾಳೆ ಪೆನ್ನು ತಂದು ಮುಂದಿಟ್ಟಳು.

ಆ ಮುಳ್ಳು ಸತ್ತದ್ದು ನನಗೆ ಗೊತ್ತಿತ್ತು. ಎಂಟು ವರ್ಷದ ಹಿಂದೆ ಅಂಕಿತಾ ಮಾಳಿಗೆಯ ಮೆಟ್ಟಿಲ ಮೇಲೆ ಪೆಟ್ಟಿಗೆ ಬೀಳಿಸಿದಾಗಲೇ ನಿಂತಿದೆ. ನನಗೆ ಮೀಟರ್ ಬೇಕಿರಲಿಲ್ಲ. ಎರಡು ಬೆರಳಿನಲ್ಲಿ ಮೆಲ್ಲಗೆ ಒತ್ತಿದರೆ ಹತ್ತಿಯಾಗಲಿ ಸಿಗಾರಾಗಲಿ ಎಷ್ಟು ಹಸಿ ಇದೆ ಎಂದು ಹೇಳುತ್ತಿದ್ದೆ. ಗದಗ ಸ್ಟೇಷನ್ನಿನಲ್ಲಿ ನಿನ್ನ ಮುಖ ನೋಡಲಾಗಲಿಲ್ಲ. ದಿನಾ ಮುಂಜಾನೆ ಎದ್ದು ನೋಡಲು ನಿನಗೆ ಒಂದಾದರೂ ಸರಿಯಿರುವ ವಸ್ತು ಇರಲಿ ಎಂದು ಆ ಪೆಟ್ಟಿಗೆ ಕೊಟ್ಟೆ. ಅದು ಸರಿಯಿರುವವರೆಗೆ ನಾನೂ ಸರಿಯಿದ್ದೇನೆಂದು ನೀನು ನಂಬುತ್ತೀ ಎಂದುಕೊಂಡೆ. ನೀನು ನೀರು ಹಾಕುತ್ತ ಹೋಗುತ್ತೀ ಎಂದು ತಲೆಗೆ ಹೊಳೆಯಲಿಲ್ಲ.

ಬಿಳಿ ಹುಡಿ ಎಂದಾಗಲೇ ಅದು ಬೂಷ್ಟು ಎಂದು ತಿಳಿದಿತ್ತು. ಅದೇ ವಾರ ಗಂಟು ಕಂಡಿತ್ತು. ಒಳ್ಳೆಯ ಲಕ್ಷಣ ಎಂದು ಬರೆದದ್ದು ನಿನಗಲ್ಲ, ನನಗೆ.

ಇದ್ದದ್ದು ಬರೆಯುತ್ತೇನೆ. ಜೂನ್ ಇಪ್ಪತ್ತೆಂಟರಂದು ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದಾರೆ. ಇನ್ನು ಮಾತಿಲ್ಲ. ಕುತ್ತಿಗೆಯ ಕೆಳಗೆ ತೂತಿದೆ, ಉಸಿರು ಅಲ್ಲಿಂದ. ಮೂಗಿನಿಂದ ಗಾಳಿ ಹೋಗುವುದಿಲ್ಲವಾದ್ದರಿಂದ ವಾಸನೆಯೂ ಹೋಯಿತು. ಇದನ್ನು ಮೊದಲೇ ಹೇಳಿದ್ದರು, ನಾನು ಅಷ್ಟು ಲಕ್ಷ್ಯ ಕೊಟ್ಟಿರಲಿಲ್ಲ. ಎಚ್ಚರವಾದ ಮೇಲೆ ಅಂಕಿತಾ ತಂದ ಚಹಾ ಮೂಸಿದರೆ ಬಿಸಿ ಮಾತ್ರ ತಿಳಿಯಿತು. ಫಿನೈಲ್ ವಾಸನೆ ಎಂದು ಬರೆದದ್ದು ಅವಳು ಮೂಗು ಮುಚ್ಚಿಕೊಂಡದ್ದನ್ನು ನೋಡಿ. ಅದಕ್ಕೇ ನಿನಗೆ ಮೂಸಿ ಬರೆ ಎಂದೆ. ಅಪ್ಪನ ಕೋಟು ಎಂದು ಓದಿದ ದಿನ ನನಗೆ ಖರೆಯಾಗಿ ವಾಸನೆ ಬಂತು ಅಕ್ಕಾ.

ಗಂಟು ಕರಗಲಿಲ್ಲ. ಇನ್ನೊಂದಾಗಿದೆ. ಮೊನ್ನೆ ಡಾಕ್ಟರು ಅಂಕಿತಾಳನ್ನು ಹೊರಗೆ ಕರೆದು ಮಾತಾಡಿದರು. ನಾನು ಅವಳಿಗೆ ಆಣೆ ಹಾಕಿ ಬರೆದು ಕೇಳಿದೆ. ಸಂಕ್ರಾಂತಿ ಕಾಣುವುದು ಕಷ್ಟವಂತೆ. ಮನೆಗೆ ಕರೆದುಕೊಂಡು ಹೋಗಿ ಎಂದಿದ್ದಾರೆ.

ನೀರು ಹೊಡೆದ ಹತ್ತಿಯನ್ನು ಹಿಡಿದುಕೊಟ್ಟವನೆಂದು ಮೆರೆದೆ. ಮೂರು ತಿಂಗಳು ನಿನಗೆ ನೀರು ಹೊಡೆದ ಸುದ್ದಿ ಕಳಿಸಿದೆ. ನೀನು ಕೈಯಿಂದಲೇ ಹಿಡಿದೆ.

ಶುಕ್ರವಾರ ನಾಲ್ಕನೇ ತಾರೀಖು ರೈಲಿಗೆ ಬರುತ್ತೇವೆ. ಬೆಟಗೇರಿ ಮನೆಯಲ್ಲಿ ನಾನು, ಅಂಕಿತಾ ಇಬ್ಬರೇ. ಅಲ್ಲಿಗೆ ಹೋಗಲು ನನಗೆ ಹೆದರಿಕೆಯಾಗುತ್ತಿದೆ.

ಹೇಮಪ್ಪ


ಹಿರೇವಡ್ಡಟ್ಟಿ
30 ಸೆಪ್ಟೆಂಬರ್ 2024

ಹೇಮಪ್ಪಾ,

ನೀವು ಬೆಟಗೇರಿಗೆ ಹೋಗುವುದಿಲ್ಲ. ಶುಕ್ರವಾರ ವಸೀಮ ತನ್ನ ಗಾಡಿ ತೆಗೆದುಕೊಂಡು ಗದಗ ಸ್ಟೇಷನ್ನಿಗೆ ಬರುತ್ತಾನೆ, ನೇರ ಇಲ್ಲಿಗೆ ಬನ್ನಿ. ನಿಮ್ಮ ಮಾವನವರ ಮಂಚದ ಪಕ್ಕದಲ್ಲೇ ನಿನ್ನ ಮಂಚ ಹಾಕಿಸಿದ್ದೇನೆ. ಹೇಮಪ್ಪ ಬರುತ್ತಾನೆ ಎಂದು ಅವರ ಕಿವಿಯಲ್ಲಿ ಹೇಳಿದೆ. "ಹೂಂ" ಎಂದರು, ಕಣ್ಣಲ್ಲಿ ನೀರು ಬಂತು. ಇಬ್ಬರೂ ಮಾತಾಡದವರು, ಈ ಮನೆಯಲ್ಲಿ ನಾನೊಬ್ಬಳೇ ಬೈಯುವವಳು. ಅಂಕಿತಾಳಿಗೆ ನನ್ನ ಮಗ್ಗಲಲ್ಲಿ ಹಾಸಿಗೆ. ಬಂದ ಮೊದಲ ದಿನ ಆ ಹುಡುಗಿ ಏನೂ ಮಾಡುವಂತಿಲ್ಲ, ಬರೀ ನಿದ್ದೆ ಮಾಡಬೇಕು.

ನನ್ನಿಂದ ಏನೂ ಆಗುವುದಿಲ್ಲ ಎಂದು ಗೊತ್ತಿದೆ. ಗಂಟು ಕರಗಿಸಲಾರೆ, ದನಿ ತರಲಾರೆ. ಎರಡು ದಿನ ಅತ್ತು ಮುಗಿಸಿದ್ದೇನೆ, ನಿನ್ನ ಮುಂದೆ ಅಳುವುದಿಲ್ಲ ಎಂದು ಮಾತ್ರ ಬರೆಯಲಾರೆ, ಅದೂ ಸುಳ್ಳಾದೀತು.

ಚುಟ್ಟಾಗಳನ್ನು ಹಿತ್ತಲಿನ ಕರಿಬೇವಿನ ಬುಡದಲ್ಲಿ ಹೂಳಿದೆ. ಪೆಟ್ಟಿಗೆಯನ್ನು ಒರೆಸಿ ನಾಲ್ಕು ದಿನ ಬಿಸಿಲಿಗಿಟ್ಟೆ. ಈ ಮುಂಜಾನೆ ಮೂಸಿದೆ. ಕೌದಿಯ ವಾಸನೆ ಇನ್ನೂ ಇದೆ. ಅದರ ಕೆಳಗೆ ಪೆನ್ಸಿಲಿನದು ಒಂದಿಷ್ಟು ಮರಳಿ ಬಂದಿದೆ. ಬೆಲ್ಲ ಇಲ್ಲ, ಅಪ್ಪ ಇಲ್ಲ. ನೀನು ಬಂದ ಮೇಲೆ ದಿನಾ ಮೂಸಿ ನಿನಗೆ ಹೇಳುತ್ತೇನೆ, ಎಷ್ಟಿದೆಯೋ ಅಷ್ಟೇ ಹೇಳುತ್ತೇನೆ.

ಆ ಮೀಟರನ್ನು ವಸೀಮನಿಗೆ ಕೊಟ್ಟುಬಿಟ್ಟೆ.

ಮುಂಡರಗಿಯಿಂದ ನಿನಗೊಂದು ಪಾಟಿ ತರಿಸಿದ್ದೇನೆ, ಕಟ್ಟಿಗೆಯ ಚೌಕಟ್ಟಿನದು, ಜೊತೆಗೆ ಒಂದು ಡಬ್ಬಿ ಬಳಪ. ಅದನ್ನು ನಿನ್ನ ದಿಂಬಿನ ಪಕ್ಕ ಇಡುತ್ತೇನೆ. ದಿನಾ ಮುಂಜಾನೆ ಬಂದು ಕೇಳುತ್ತೇನೆ, "ಹೆಂಗದೀಯೋ ತಮ್ಮಾ?" ಇದ್ದದ್ದು ಬರೆ. "ಆರಾಮ ಅದೀನಿ" ಎಂದು ಬರೆದರೆ ಸೆರಗಿನಿಂದ ಒರೆಸಿ ಪಾಟಿಯನ್ನು ಮತ್ತೆ ನಿನ್ನ ಕೈಗೇ ಕೊಡುತ್ತೇನೆ.

ಉಡಚವ್ವ